ರಕ್ತ ಹೋಗಲಿ ಎಂದು ಕಾದದ್ದು

“ಸ್ಕ್ಯಾನ್ ಮಾಡಿದ್ರ ಜಾಗ ಸಿಗತೈತೇನ್ರಿ ಮೇಡಂ?”

ಹೊಟ್ಟೆಯ ಡಾಕ್ಟರು ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ವಗ್ಗಾಣಿ ತಟ್ಟೆಯ ಮುಂದೆ ಕೂತು ಮಿರ್ಚಿ ಮುರಿಯುತ್ತಿದ್ದೆ.

“ನಾ ಸ್ಕ್ಯಾನ್ ನೋಡಾಕಿರಿ ಸರ್, ಕವಡಿ ಹಾಕಾಕಿ ಅಲ್ಲ,” ಎಂದೆ. ಬೆಳಿಗ್ಗೆ ಬೆಳಿಗ್ಗೆಯೇ ಯಾರಾದರೂ ಭವಿಷ್ಯ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ತಟ್ಟೆ ಬಿಟ್ಟು ಎದ್ದೆ. ಹೊಸಪೇಟೆಯ ಈ ಆಸ್ಪತ್ರೆಯಲ್ಲಿ ಸಿ.ಟಿ. ಚಿತ್ರ ಓದುವವಳು ನಾನೊಬ್ಬಳೇ. ಆ ಪ್ರಶ್ನೆಗೆ ಬೇರೆ ಯಾರೂ ಉತ್ತರ ಹೇಳುವಂತಿರಲಿಲ್ಲ.

ರೋಗಿ ಕಂಪ್ಲಿಯ ಅಕ್ಕಿ ಗಿರಣಿಯೊಂದರ ಒಡತಿ. ಅರವತ್ತು ದಾಟಿದ ಗಟ್ಟಿ ಹೆಂಗಸು, ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ತಾವೇ ನಡೆಸಿಕೊಂಡು ಬಂದವರು. ಜೊತೆಗಿದ್ದವರು ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದ ತಂಗಿ. ಹಿಂದಿನ ದಿನ ಮಲದ ಜೊತೆ ಕಡುಗೆಂಪು ರಕ್ತ ಹೋಗತೊಡಗಿ, ಅಕ್ಕ ಗಿರಣಿಯಲ್ಲೇ ತಲೆ ತಿರುಗಿ ಬಿದ್ದಿದ್ದರು. ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದರೆ ಜಠರ ಸ್ವಚ್ಛವಾಗಿತ್ತು. ಕೆಳಗಿನಿಂದ ನೋಡಿದರೆ ದೊಡ್ಡ ಕರುಳಿನ ತುಂಬ ರಕ್ತ, ಅದು ಎಲ್ಲಿಂದ ಇಳಿದು ಬಂತೋ ತಿಳಿಯದು. ನಡುವೆ ಉಳಿದದ್ದು ಸಣ್ಣ ಕರುಳು. ಹಗ್ಗದ ಹಾಗೆ ಸುತ್ತಿ ಬಿದ್ದಿರುವ ಅಷ್ಟುದ್ದದ ಕರುಳಿಗೆ ನಮ್ಮಲ್ಲಿರುವ ಕ್ಯಾಮೆರಾ ತಲುಪುವುದಿಲ್ಲ. ಸೋರುವ ಜಾಗ ತೋರಿಸಿದರೆ ಸರ್ಜನ್ ಅಷ್ಟು ತುಂಡು ತೆಗೆದು ಹೊಲಿಯುತ್ತಾರೆ. ತೋರಿಸಲಾಗದಿದ್ದರೆ ಆಕೆ ನಾವು ಏರಿಸಿದ ರಕ್ತವನ್ನೆಲ್ಲ ಕಳೆದುಕೊಳ್ಳುತ್ತ ಸಾಯುತ್ತಾರೆ.

ಜಾಗ ಸಿಗುವುದು ಬಿಡುವುದು ಯಂತ್ರದ ಕೈಯಲ್ಲಿಲ್ಲ. ಕೈಯ ರಕ್ತನಾಳಕ್ಕೆ, ಚಿತ್ರದಲ್ಲಿ ಬೆಳ್ಳಗೆ ಕಾಣುವ ಡೈ ಚುಚ್ಚುತ್ತೇವೆ. ಅದು ಮೈಯೆಲ್ಲ ಸುತ್ತುವ ಆ ಚೂರು ಹೊತ್ತಿನಲ್ಲಿ ಕರುಳು ಸೋರುತ್ತಿದ್ದರೆ ಮಾತ್ರ ಒಂದು ಬಿಳಿ ಚುಕ್ಕೆಯಾಗಿ ಹೊರಗೆ ಬೀಳುತ್ತದೆ. ನಮ್ಮ ಬೀದಿಯ ಪೈಪು ಎಲ್ಲಿ ಒಡೆದಿದೆ ಎಂದು ನೀರು ಬಿಟ್ಟ ಹೊತ್ತಿನಲ್ಲೇ ನೋಡಬೇಕು, ಇದೂ ಹಾಗೆಯೇ. ಕರುಳಿನ ರಕ್ತಸ್ರಾವವಂತೂ ಭಾರಿ ಮೋಸದ್ದು, ಸೋರುತ್ತದೆ, ನಿಲ್ಲುತ್ತದೆ, ಮತ್ತೆ ಸೋರುತ್ತದೆ. ನಿಂತಾಗ ತೆಗೆದ ಚಿತ್ರ ನೋಡಿದರೆ ಆಕೆಗೆ ಕಾಯಿಲೆಯೇ ಇಲ್ಲವೇನೋ ಅನಿಸಬೇಕು. ಅದರ ಮೇಲೆ ಸಕ್ಕರೆ ಕಾಯಿಲೆ ಈಕೆಯ ಕಿಡ್ನಿಗಳನ್ನು ಆಗಲೇ ಅರ್ಧ ತಿಂದಿತ್ತು. ಡೈ ಒಂದು ಸಲ ತಡೆದುಕೊಂಡಾವು. ಎರಡನೇ ಸಲ ಕೊಟ್ಟರೆ ಕಿಡ್ನಿ ಕೈ ಕೊಡಬಹುದು ಎಂದು ನಾನೂ ಹೊಟ್ಟೆಯ ಡಾಕ್ಟರೂ ಒಪ್ಪಿಕೊಂಡಿದ್ದೆವು.

ವಾರ್ಡಿಗೆ ಹೋಗಿ ನೋಡಿದೆ. ಏರಿಸುತ್ತಿದ್ದ ರಕ್ತದಿಂದ ಬಿ.ಪಿ. ಸರಿಯಾಗಿತ್ತು. ನಾಡಿ ಶಾಂತವಾಗಿತ್ತು, ಆದರೆ ಅದನ್ನು ನಂಬುವ ಹಾಗಿರಲಿಲ್ಲ. ಆಕೆ ದಿನಾ ನುಂಗುತ್ತಿದ್ದ ಬಿ.ಪಿ. ಮಾತ್ರೆಯೇ ನಾಡಿ ಓಡದಂತೆ ಹಿಡಿದಿಡುವ ಜಾತಿಯದು. ಹಾಗಾಗಿ ಬೆರಳು ಮುಟ್ಟಿ ನೋಡಿದೆ, ಬೆಚ್ಚಗಿದ್ದವು, ಅಂದರೆ ಸದ್ಯಕ್ಕೆ ಸೋರುವುದು ನಿಂತಿರಬೇಕು. ಕೊನೆಯ ಸಲ ರಕ್ತ ಹೋದದ್ದು ಯಾವಾಗ, ಹೇಗಿತ್ತು ಎಂದು ತಂಗಿಯನ್ನು ಕೇಳಿದೆ.

“ಈಗ ಸ್ವಲ್ಪ ಹೊತ್ತಿನ ಕೆಳಗ ಆತ್ರಿ. ತೊಳದು ಸ್ವಚ್ಛ ಮಾಡೀನಿ. ಸೀರಿನೂ ಬದಲು ಮಾಡೀನಿ.”

“ಬಣ್ಣ ಹೆಂಗಿತ್ತು? ರಕ್ತದ ಗಡ್ಡಿ ಇದ್ವಾ?”

ಆಕೆ ಸೆರಗು ಬಾಯಿಗಿಟ್ಟುಕೊಂಡರು. “ಅದನ್ನ ಹೆಂಗ ಹೇಳೋದ್ರಿ ಡಾಕ್ಟರಮ್ಮ, ಹೊಲಸು ಅದು.”

ಅಕ್ಕನ ಹಣೆಯ ಮೇಲೂ ತಂಗಿಯ ಹಣೆಯ ಮೇಲೂ ವಿಭೂತಿಯ ಮೂರು ಪಟ್ಟೆಗಳು ಆಗತಾನೆ ಎಳೆದಂತೆ ಬೆಳ್ಳಗಿದ್ದವು. ರಕ್ತದಲ್ಲಿ ಮುಳುಗಿ ಬಂದ ರೋಗಿಯನ್ನು ನಾನು ನೋಡುವಷ್ಟರಲ್ಲಿ ತಲೆ ಬಾಚಿ, ಮೈ ಒರೆಸಿ, ಪೂಜೆಗೆ ಕೂರಿಸುವ ಹಾಗೆ ಮಲಗಿಸಿದ್ದರು! ಮುಂದಿನ ಸಲ ಏನನ್ನೂ ಚೆಲ್ಲಬಾರದು, ಬೆಡ್‌ಪ್ಯಾನ್ ಹಾಗೇ ಇಟ್ಟು ನನ್ನನ್ನು ಕರೆಸಬೇಕು ಎಂದು ಒತ್ತಿ ಹೇಳಿದೆ. ಈಗ ಸ್ಕ್ಯಾನ್ ಬೇಡ, ಕಾಣುವುದಿಲ್ಲ ಎಂದು ಡಾಕ್ಟರಿಗೂ ಹೇಳಿದೆ. ಅವರಿಗೆ ಸಿಟ್ಟು ಬಂತು, ಆದರೆ ವಾದಿಸಲಿಲ್ಲ.

ಮಧ್ಯಾಹ್ನ ತಂಗಿ ತಾವೇ ಮೆಟ್ಟಿಲಿಳಿದು ಓಡಿ ಬಂದರು. “ಬರ್ರಿ, ಜಲ್ದಿ ಬರ್ರಿ. ಚೆಲ್ಲಿಲ್ರಿ ನಾನು.”

ಬೆಡ್‌ಪ್ಯಾನಿನಲ್ಲಿ ತಾಜಾ ರಕ್ತ, ಕೈಯಷ್ಟಗಲದ ಗಡ್ಡೆಗಳು. ಬೆರಳು ತಣ್ಣಗಾಗಿದ್ದವು. ಬಿ.ಪಿ. ಕುಸಿದಿತ್ತು. ಇದೇ ಹೊತ್ತು ಎಂದು ಕೂಗಿದೆ. ಆದರೆ ಆ ಸ್ಥಿತಿಯಲ್ಲಿ ಆಕೆಯನ್ನು ಹಾಗೇ ಸಾಗಿಸುವಂತಿರಲಿಲ್ಲ. ಡಾಕ್ಟರು ಮೊದಲು ಬಿ.ಪಿ. ಎತ್ತುವ ಔಷಧಿ ಹನಿಸಲು ಹಚ್ಚಿದರು. ಒತ್ತಡ ಚೂರು ಮೇಲೆ ಬಂದ ಕೂಡಲೇ ಆಕೆಯನ್ನು ಕೆಳಗಿನ ಮಹಡಿಗೆ ಇಳಿಸಿದೆವು.

ಸ್ಕ್ಯಾನ್ ಕೋಣೆಯಲ್ಲಿ ಕೊರಳಿನ ಲಿಂಗದ ಮಾತು ಬಂತು. ಲಿಂಗವಿರುವ ಬೆಳ್ಳಿಯ ಕರಡಿಗೆ ಚಿತ್ರವನ್ನು ಕೆಡಿಸುತ್ತದೆ, ಆದರೆ ಅದನ್ನು ಮೈಮೇಲಿಂದ ತೆಗೆಯಿರಿ ಎಂದು ಈ ಕಡೆಯ ಯಾರಿಗೂ ಹೇಳಲಾಗದು. ನಮ್ಮ ಟೆಕ್ನೀಷಿಯನ್ ಎಂದಿನಂತೆ ಅದನ್ನು ದಾರದ ಸಮೇತ ಮುಂಗೈಗೆ ಕಟ್ಟಿದ. ಹೊಟ್ಟೆಯ ಸ್ಕ್ಯಾನಿಗೆ ಕೈಗಳನ್ನು ತಲೆಯ ಮೇಲೆ ಚಾಚಿ ಮಲಗಬೇಕಾದ್ದರಿಂದ ಲಿಂಗ ಮೈಮೇಲೂ ಇರುತ್ತದೆ, ಚಿತ್ರಕ್ಕೂ ಅಡ್ಡ ಬರುವುದಿಲ್ಲ.

“ಡೈ ಇಲ್ಲದ ಚಿತ್ರ ಬಿಟ್ಟುಬಿಡೋಣ್ರಿ, ಹೊತ್ತು ಉಳಿತೈತಿ,” ಎಂದರು ಡಾಕ್ಟರು.

“ಬಿಡೋದಿಲ್ರಿ,” ಎಂದೆ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಮೊದಲು ಡೈ ಇಲ್ಲದೆ ಒಂದು ಚಿತ್ರ, ಆಮೇಲೆ ಡೈ ಹೋದ ಕೂಡಲೇ ಒಂದು, ಸ್ವಲ್ಪ ತಡೆದು ಇನ್ನೊಂದು. ಮೂರನ್ನೂ ತೆಗೆದೆವು.

ಡೈ ಹೋದ ಚಿತ್ರ ಪರದೆಯ ಮೇಲೆ ಬಂದದ್ದೇ ತಡ, ನನ್ನ ಬೆನ್ನ ಹಿಂದೆ ನಿಂತಿದ್ದ ಸರ್ಜನ್ ಬೆರಳು ಚಾಚಿದರು. ಎಡಗಡೆ ಮೇಲೆ, ಸಣ್ಣ ಕರುಳಿನ ಶುರುವಿನಲ್ಲಿ, ಹೊಳೆಯುವ ಬಿಳಿ ಚುಕ್ಕೆ.

“ಸಿಕ್ತಲ್ರಿ! ಇಷ್ಟ ಸಾಕು ನನಗ. ಥಿಯೇಟರ್ ರೆಡಿ ಮಾಡ್ರಿ ಅಂತ ಹೇಳತೀನಿ.”

“ಸ್ವಲ್ಪ ತಡೀರಿ ಸರ್.”

ಡೈ ಇಲ್ಲದ ಚಿತ್ರವನ್ನು ಪಕ್ಕದಲ್ಲಿಟ್ಟೆ. ಅದೇ ಜಾಗದಲ್ಲಿ ಅದೇ ಚುಕ್ಕೆ ಅಷ್ಟೇ ಬೆಳ್ಳಗಿತ್ತು. ಡೈ ಕೊಡುವ ಮೊದಲೇ ಇದ್ದದ್ದು ಡೈ ಆಗುವುದು ಹೇಗೆ? ಕೆಳಗೆ ಇನ್ನೂ ಕೆಲವು ಸಣ್ಣ ಚೂರುಗಳಿದ್ದವು, ಸುಣ್ಣ ಚೆಲ್ಲಿದ ಹಾಗೆ. ಒಂದೊಂದನ್ನೂ ಮೂರೂ ಚಿತ್ರಗಳಲ್ಲಿ ಹೋಲಿಸಿ ನೋಡಿದೆ. ಯಾವುದೂ ಬೆಳೆದಿರಲಿಲ್ಲ, ಹರಡಿರಲಿಲ್ಲ. ಎಲ್ಲಿಯೂ ಒಂದು ಹನಿ ಸೋರಿಕೆ ಇರಲಿಲ್ಲ.

“ಇದು ರಕ್ತ ಅಲ್ರಿ. ಏನೋ ನುಂಗ್ಯಾರ,” ಎಂದೆ. ಸರ್ಜನ್ ಮುಖ ಸಣ್ಣದಾಯಿತು. ನಾನು ಹೊರಗೆ ಹೋಗಿ ತಂಗಿಯನ್ನು ಕೇಳಿದೆ. ಏನು ತಿನ್ನಿಸಿದಿರಿ?

“ಏನೂ ಇಲ್ರಿ! ನೀರೂ ಕೊಡಬ್ಯಾಡ ಅಂದಿದ್ರಲ್ಲ, ಒಂದು ಹನಿ ಕೊಟ್ಟಿಲ್ಲ. ಲಿಂಗದಾಣಿ.”

“ಮಾತ್ರಿ? ನಾಟಿ ಔಷಧ? ಸುಣ್ಣ?”

“ಇಲ್ರಿ. ಮಠದಾಗಿಂದ ತಂದ ವಿಭೂತಿ ಅಷ್ಟ, ಚೂರು ಮುರದು ನಾಲಿಗಿ ಮ್ಯಾಲ ಇಟ್ಟೆ. ನೋವು ಬಂದಾಗೆಲ್ಲ ಇಟ್ಟೆ.”

“ಮತ್ತ ತಿನ್ನಿಸಿಲ್ಲ ಅಂದ್ರಿ!”

ಆಕೆ ಕಣ್ಣಗಲಿಸಿ ನನ್ನನ್ನೇ ನೋಡಿದರು. “ವಿಭೂತಿ ತಿನ್ನೋ ಸಾಮಾನೇನ್ರಿ?”

ಅಯ್ಯೋ ಶಿವನೇ! ಆಕೆ ಸುಳ್ಳು ಹೇಳಿರಲಿಲ್ಲ. ಆಕೆಯ ಲೆಕ್ಕದಲ್ಲಿ ಅದು ಅನ್ನವೂ ಅಲ್ಲ, ನೀರೂ ಅಲ್ಲ, ಔಷಧಿಯೂ ಅಲ್ಲ. ಹಣೆಗೆ ಹಚ್ಚುವುದನ್ನು ನಾಲಿಗೆಗೆ ಹಚ್ಚಿದ್ದರು, ಅಷ್ಟೇ. ಬೂದಿಯ ಗಟ್ಟಿಯಲ್ಲಿ ಸುಣ್ಣದ ಅಂಶ ಇದ್ದೇ ಇರುತ್ತದೆ, ಸ್ಕ್ಯಾನಿನಲ್ಲಿ ಎಲುಬಿನಂತೆ ಹೊಳೆಯುತ್ತದೆ. ಬೇರೆ ದಿನವಾಗಿದ್ದರೆ ಜಠರದ ಆಮ್ಲ ಅದನ್ನು ಕರಗಿಸುತ್ತಿತ್ತೇನೋ. ಆ ಆಮ್ಲವನ್ನು ನಾವೇ ಸಲೈನಿನಲ್ಲಿ ಔಷಧಿ ಹಾಕಿ ಅಡಗಿಸಿದ್ದೆವು.

ಇಷ್ಟೆಲ್ಲ ಯೋಚನೆ ಬಂದದ್ದು ಆಮೇಲೆ. ಆ ಗಳಿಗೆಯಲ್ಲಿ ನನಗೆ ಬಂದದ್ದು ಸಿಟ್ಟು ಮಾತ್ರ. “ಆ ಬೂದಿ ನೋಡಿ ಇನ್ನೇನು ಹೊಟ್ಟಿ ಕೊಯ್ತಿದ್ರು ನಿಮ್ಮ ಅಕ್ಕಂದು! ಮೊದಲು ಅದನ್ನ ಆಚಿ ಒಗೀರಿ!” ಎಂದು ಕಾರಿಡಾರಿನಲ್ಲೇ ಒದರಿದೆ. ಯಶವಂತನಗರದ ಗಣಿಯಿಂದ ಎಕ್ಸ್‌ರೇಗೆ ಬಂದು ಕೂತಿದ್ದವರೆಲ್ಲ ತಿರುಗಿ ನೋಡಿದರು. ತಂಗಿ ಸೆರಗಿನ ತುದಿಯಲ್ಲಿ ಕಟ್ಟಿದ್ದ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

ಒಂದು ಡೈ ಖರ್ಚಾಗಿತ್ತು, ಜಾಗ ಸಿಕ್ಕಿರಲಿಲ್ಲ. ಕಾಣುತ್ತದೆ ಎಂದು ಹೇಳಿದವಳು ನಾನೇ. ಗಡ್ಡೆ, ತಣ್ಣನೆಯ ಬೆರಳು, ಕುಸಿದ ಒತ್ತಡ, ಪುಸ್ತಕದಲ್ಲಿ ಬರೆದ ಲಕ್ಷಣಗಳೆಲ್ಲ ಇದ್ದವು. ಆದರೂ ಏಕೆ ಕಾಣಲಿಲ್ಲ? ಮನೆಗೆ ಹೋದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ಬೆಳಿಗ್ಗೆ ಹೊಟ್ಟೆಯ ಡಾಕ್ಟರು, ಸರ್ಜನ್, ನಾನು ಮೂವರೂ ಆಕೆಯ ಕೇಸಿನ ಮುಂದೆ ನಿಂತೆವು. ಬೆಳಗಿನ ಜಾವ ಮತ್ತೆ ರಕ್ತ ಹೋಗಿತ್ತು. ರಕ್ತ ಕೊಡಲು ಪಾಪಿನಾಯಕನಹಳ್ಳಿಯಿಂದ ಬಂದಿದ್ದ ಬಂಧುಗಳ ಸರದಿಯೂ ಮುಗಿದಿತ್ತು. ರಕ್ತನಾಳದೊಳಗೆ ತಂತಿ ತೂರಿಸಿ ಸೋರುವುದನ್ನು ಮುಚ್ಚುವ ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ದಾರಿಯಲ್ಲೇ ಹೋಗುತ್ತಾರೆ. ಹಾಗೇ ಹೊಟ್ಟೆ ತೆರೆದು ಕರುಳು ತಡಕಿ ನೋಡುತ್ತೇನೆ ಎಂದರು ಸರ್ಜನ್. ಹೊರಗಿನಿಂದ ಕರುಳು ನೋಡಿದರೆ ಒಳಗಿನ ತೂತು ಕಾಣಿಸುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ಆಗ ನಾನು ಹಿಂದಿನ ದಿನದ ಔಷಧಿಯ ಮಾತು ತೆಗೆದೆ. ಬಿ.ಪಿ. ಎತ್ತುವ ಔಷಧಿ ರಕ್ತನಾಳಗಳನ್ನು ಬಿಗಿಯುತ್ತದೆ. ಕರುಳಿನ ನಾಳಗಳನ್ನಂತೂ ಮೊದಲು ಬಿಗಿಯುತ್ತದೆ. ನಾವು ಆಕೆಯನ್ನು ಸ್ಕ್ಯಾನಿಗೆ ತಂದ ಹೊತ್ತಿಗೆ ಸೋರುವ ಬಾಯಿಯನ್ನು ಅದೇ ಔಷಧಿ ಒತ್ತಿ ಹಿಡಿದಿರಬೇಕು.

“ಔಷಧಿ ನಿಲ್ಲಿಸೋಣ್ರಿ. ಬರೀ ರಕ್ತದ ಮ್ಯಾಲ ಬಿ.ಪಿ. ಹಿಡಿಯೋಣ. ಸ್ಕ್ಯಾನ್ ಕ್ವಾಣಿ ಬಾಜೂಕನ ಮಲಗಿಸಿ, ಹೋಗಾಕ ಶುರುವಾದ ಕೂಡ್ಲೆ ಇನ್ನೊಂದು ಡೈ.”

ಹೊಟ್ಟೆಯ ಡಾಕ್ಟರು ನನ್ನನ್ನೇ ದಿಟ್ಟಿಸಿದರು. “ಅಂದ್ರ ಅವರಿಗೆ ರಕ್ತ ಹೋಗ್ಲಿ ಅಂತ ನಾವು ಕೂತು ಕಾಯೋದಾ? ಏನ್ ಮಾತ್ರೀ ಇದು!”

“ಹೌದ್ರಿ. ಕಾಯೋದು.”

“ಕಿಡ್ನಿ?”

“ಕಿಡ್ನಿ ಹೋದ್ರ ಡಯಾಲಿಸಿಸ್ ಐತಿ. ರಕ್ತ ಹೋದ್ರ ಏನೈತ್ರಿ?”

ಅವರು ಕೇಸಿನ ಹಾಳೆಗಳನ್ನು ಮತ್ತೊಮ್ಮೆ ತಿರುವಿದರು. ಕೊನೆಗೆ ಆಕೆಯನ್ನೇ ಕೇಳೋಣ ಎಂದರು.

ಗಿರಣಿಯ ಒಡತಿ ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡರು. ಮುಖ ತೊಳೆದ ಅಕ್ಕಿಯಂತೆ ಬಿಳಿಚಿತ್ತು, ಆದರೆ ದನಿ ಗಿರಣಿಯಲ್ಲಿ ಹಮಾಲರನ್ನು ಕೂಗುತ್ತಿದ್ದ ದನಿಯೇ ಇರಬೇಕು.

“ಮಿಷಿನ್ಯಾಗ ರಕ್ತ ತೊಳಿತಾರಲ್ಲ, ಅದೇನು? ನಮ್ಮ ಹಮಾಲ ಒಬ್ಬಾವ ಮಾಡಿಸ್ಕೊಂತಾನ. ಬದುಕ್ಯಾನ.” ಸ್ವಲ್ಪ ಉಸಿರು ತೆಗೆದುಕೊಂಡರು. “ಚುಚ್ಚಿ ಕಾಳು ನೋಡದ ಭತ್ತದ ಚೀಲಕ್ಕ ನಾ ಎಂದೂ ಬೆಲಿ ಹೇಳಿಲ್ಲ, ಡಾಕ್ಟರಮ್ಮ. ನೋಡ್ರಿ ನೀವು. ಈ ಸಲ ಸಿಗತೈತೇನು?”

ಮತ್ತೆ ಅದೇ ಪ್ರಶ್ನೆ. ಆದರೆ ಈ ಸಲ ನನಗೆ ಸಿಟ್ಟು ಬರಲಿಲ್ಲ. “ಹೋಗೋ ಹೊತ್ತಿಗೆ ಹಿಡಿದ್ರ ಸಿಗತೈತ್ರಿ,” ಎಂದೆ.

“ಹೋಗೋದಂತೂ ಹೋಗತೈತಿ ಬಿಡ್ರಿ,” ಎಂದು ನಕ್ಕರು. ತಂಗಿ ಕಾಲ ಬಳಿ ನಿಂತಿದ್ದರು. ಅವರ ಹಣೆ ಖಾಲಿಯಿತ್ತು. ಅಕ್ಕನ ಹಣೆಯನ್ನೂ ಒರೆಸಿದ್ದರು.

ಸ್ಕ್ಯಾನ್ ಯಂತ್ರವನ್ನು ಖಾಲಿ ಇಡಿಸಿದೆ. ಮರಿಯಮ್ಮನಹಳ್ಳಿಯ ಕಡೆಯಿಂದ ಬೆನ್ನು ನೋವಿನವರು, ತಲೆ ನೋವಿನವರು ಬಂದು ಕೂತಿದ್ದರು. ಬೇರೆ ಸೆಂಟರಿಗೆ ಹೋಗಿ ಎಂದಾಗ ನನ್ನ ವಂಶವನ್ನೆಲ್ಲ ಜಾಲಾಡಿದರು, ಬೈಸಿಕೊಂಡೆ. ಪಕ್ಕದ ಕೋಣೆಯಲ್ಲಿ ಆಕೆಯನ್ನು ಮಲಗಿಸಿ ಎರಡೂ ಕೈಗೆ ದಪ್ಪ ಸೂಜಿ ಹಾಕಿದೆವು. ಒಂದರಲ್ಲಿ ರಕ್ತ ಏರುತ್ತಿತ್ತು, ಇನ್ನೊಂದು ಡೈಗೆಂದು ಕಾದಿತ್ತು. ಟೆಕ್ನೀಷಿಯನ್ ಲಿಂಗವನ್ನು ಮುಂಗೈಗೆ ಕಟ್ಟಿ ಮುಗಿಸಿದ್ದ. ಬಿ.ಪಿ. ಎತ್ತುವ ಔಷಧಿಯನ್ನು ಡಾಕ್ಟರು ಹನಿ ಹನಿಯಾಗಿ ಇಳಿಸುತ್ತ ಬಂದು ಕೊನೆಗೆ ನಿಲ್ಲಿಸಿದರು.

ಆಮೇಲೆ ಕಾದೆವು. ಓದುವಾಗ ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಒಬ್ಬ ಹೆಂಗಸಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಆಕೆಗೆ ರಕ್ತ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುವುದು! ಹೋಗದಿದ್ದರೆ ಒಳ್ಳೆಯದೇ, ಆದರೆ ನಾಳೆ ಹೋಗುತ್ತದೆ, ನಾಳೆ ಈಕೆಯಲ್ಲಿ ಇಷ್ಟೂ ತ್ರಾಣ ಇರುವುದಿಲ್ಲ. ನನಗೆ ನನ್ನ ಮೇಲೇ ಅಸಹ್ಯ ಬಂದಿತ್ತು. ತಂಗಿ ಮೂಲೆಯಲ್ಲಿ ಕೂತು ಬೆಡ್‌ಪ್ಯಾನನ್ನೇ ನೋಡುತ್ತಿದ್ದರು.

ಬಿಸಿಲು ಏರಿದ ಮೇಲೆ ಒಡತಿ ಕಣ್ಣು ತೆರೆದರು. “ಹೊಟ್ಟಿ ಹಿಂಡಾಕ ಹತ್ತೇತಿ,” ಎಂದರು. ತಂಗಿ ಎದ್ದು ಹೊದಿಕೆ ಸರಿಸಿ ನೋಡಿ, ನಾಚದೆ ನನ್ನ ಕಡೆ ತಿರುಗಿದರು. “ಕೆಂಪಗೈತ್ರಿ ಡಾಕ್ಟರಮ್ಮ. ತಾಜಾ ಐತಿ. ಗಡ್ಡಿ ಐತಿ. ನೋಡ್ರಿ.”

ಹಾಸಿದ ಬಟ್ಟೆಯ ಸಮೇತ ಎತ್ತಿ ಸ್ಕ್ಯಾನಿನ ಮೇಜಿಗೆ ಹಾಕಿದೆವು. ಮೊದಲು ಡೈ ಇಲ್ಲದ್ದು. ನಿನ್ನೆಯ ಬೂದಿಯ ಚೂರುಗಳು ದೊಡ್ಡ ಕರುಳಿಗೆ ಇಳಿದುಹೋಗಿದ್ದವು, ಸಣ್ಣ ಕರುಳು ಬರಿದಾಗಿತ್ತು. ಆಮೇಲೆ ಡೈ. ಬಲಗಡೆ ಕೆಳಗೆ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವುದಕ್ಕೆ ಸ್ವಲ್ಪ ಮೊದಲು, ಜೋಳದ ಕಾಳಿನಷ್ಟು ಬಿಳಿ. ತಡೆದು ತೆಗೆದ ಮೂರನೆಯ ಚಿತ್ರದಲ್ಲಿ ಆ ಕಾಳು ಹರಡಿ, ಕರುಳಿನ ಗೋಡೆಯಗುಂಟ ಇಳಿದಿತ್ತು.

“ಇದ ನೋಡ್ರಿ ಜಾಗ,” ಎಂದೆ. ಸರ್ಜನ್ ಈ ಸಲ ಬೆರಳು ಚಾಚಲಿಲ್ಲ, ಡೈ ಇಲ್ಲದ ಚಿತ್ರವನ್ನು ಪಕ್ಕದಲ್ಲಿಡಿ ಎಂದು ತಾವೇ ಕೇಳಿದರು. ನೋಡಿದರು. ಥಿಯೇಟರಿಗೆ ನಡೆದರು.

ನಾನು ಹೇಳಿದ ಜಾಗದಲ್ಲೇ ಸಿಕ್ಕಿತು. ಕರುಳಿನ ಗೋಡೆಯಲ್ಲಿ ಸಣ್ಣ ರಕ್ತನಾಳಗಳ ಒಂದು ಗೋಜಲು, ಬೆರಳಿನ ತುದಿಗಿಂತ ದೊಡ್ಡದಲ್ಲ. ಅಷ್ಟು ತುಂಡು ತೆಗೆದು ಹೊಲಿದರು. ಅಂದಿನಿಂದ ಆಕೆಗೆ ಒಂದು ಹನಿ ರಕ್ತ ಹೋಗಲಿಲ್ಲ. ಹೊಟ್ಟೆಯ ಡಾಕ್ಟರು ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕೂತು, “ಕವಡಿ ಮಸ್ತ್ ಹಾಕಿದ್ರಿ ಬಿಡ್ರಿ,” ಎಂದರು. ನಾನೂ ನಕ್ಕೆ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಒಡತಿಯ ಮೂತ್ರ ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಮುಖ ಊದಿಕೊಂಡಿತು. ಡಯಾಲಿಸಿಸ್ ಶುರು ಮಾಡಿದರು. ಕಿಡ್ನಿಯನ್ನು ಕೊಂದದ್ದು ಕುಸಿದ ಬಿ.ಪಿ.ಯೋ, ಎರಡನೆಯ ಡೈಯೋ, ಬಿಡಿಸಿ ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ. ನಾನು ದಿನಾ ಕೆಲಸ ಮುಗಿಸಿ ಆಕೆಯ ಹಾಸಿಗೆಯ ಬಳಿ ಹೋಗುತ್ತಿದ್ದೆ. ಚಿತ್ರ ಓದುವವರು ಹಾಗೆ ಹೋಗುವ ರೂಢಿ ಇಲ್ಲ.

ಒಂದು ದಿನ ತಂಗಿ ನನ್ನನ್ನು ಬಾಗಿಲ ಹೊರಗೆ ತಡೆದರು. “ನಾ ಆ ವಿಭೂತಿ ಇಡದಿದ್ರ ಮೊದಲನೇ ಸಲಾನ ಸಿಗತಿತ್ತೇನ್ರಿ? ಎರಡನೇದು ಚುಚ್ಚೋದು ತಪ್ಪತಿತ್ತೇನು?”

“ಇಲ್ರಿ ಅಕ್ಕಾ. ಆವಾಗ ರಕ್ತ ನಿಂತಿತ್ತು. ವಿಭೂತಿ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ.”

ಅದು ನಿಜವೇ. ಬೂದಿ ನಮ್ಮನ್ನು ತಪ್ಪು ಜಾಗಕ್ಕೆ ಕರೆದೊಯ್ಯಲಿತ್ತು, ಸರಿ ಜಾಗವನ್ನು ಮುಚ್ಚಿರಲಿಲ್ಲ. ಇದನ್ನೂ ಬಿಡಿಸಿ ಹೇಳಿದೆ. ಆಕೆ ತಲೆಯಾಡಿಸಿದರು. ಕಾರಿಡಾರಿನಲ್ಲಿ ನಾನು ಒದರಿದ್ದನ್ನು ನಂಬಿದಷ್ಟು ಇದನ್ನು ನಂಬಿದಂತೆ ಕಾಣಲಿಲ್ಲ. ಹಣೆ ಅವತ್ತೂ ಖಾಲಿಯೇ ಇತ್ತು.

ಅಕ್ಕಿ ಗಿರಣಿಯ ಒಡತಿ ತೀರಿಕೊಂಡದ್ದು ಒಂದು ಬೆಳಿಗ್ಗೆ, ಡಯಾಲಿಸಿಸ್ ನಡೆಯುತ್ತಿದ್ದಾಗಲೇ. ಬಿ.ಪಿ. ಇಳಿಯಿತು, ಹೃದಯ ನಿಂತಿತು, ಎದೆ ಎಷ್ಟು ಒತ್ತಿದರೂ ಮರಳಲಿಲ್ಲ. ಸುದ್ದಿ ಕೇಳಿ ನಾನು ಮೇಲೆ ಹೋಗುವಷ್ಟರಲ್ಲಿ ನರ್ಸ್ ಕೊಳವೆಗಳನ್ನೆಲ್ಲ ಬಿಡಿಸಿದ್ದಳು. ಲಿಂಗ ಕೊರಳಿಗೆ ಮರಳಿತ್ತು. ಕಂಪ್ಲಿಯಿಂದ ಬಂಧುಗಳು ಹೊರಟಿದ್ದಾರೆ, ಅವರು ಬರುವ ಮೊದಲೇ ಹಣೆಗೆ ಹಚ್ಚಬೇಕು ಎಂದು ಯಾರೋ ಹೇಳುತ್ತಿದ್ದರು.

ತಂಗಿ ಸೆರಗಿನ ತುದಿಯ ಗಂಟು ಬಿಚ್ಚಿದರು. ನಾನು ಒಗೀರಿ ಎಂದು ಒದರಿದ್ದನ್ನು ಅವರು ಎಸೆದಿರಲಿಲ್ಲ. ಮೂಲೆ ಮುರಿದ ವಿಭೂತಿಯ ಗಟ್ಟಿ ಅಂಗೈ ಮೇಲಿತ್ತು. ನರ್ಸ್ ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದಳು. ಆಕೆ ಗಟ್ಟಿಯನ್ನು ನೀರಿಗೆ ತಾಕಿಸಲಿಲ್ಲ. ಕೋಣೆಯ ತುಂಬ ಇದ್ದವರನ್ನೆಲ್ಲ ಬಿಟ್ಟು ನನ್ನ ಮುಖ ನೋಡಿದರು.

“ಈಗ ಹಚ್ಚಬಹುದೇನ್ರಿ, ಡಾಕ್ಟರಮ್ಮ? ಇನ್ನ ಚಿತ್ರ ಏನೂ ತಗಿಯೋದಿಲ್ಲಲ್ಲ?”

“ಹಚ್ಚ್ರಿ ಅಕ್ಕಾ,” ಎಂದೆ. ಆಕೆ ಗಟ್ಟಿಯನ್ನು ನೀರಿಗೆ ತಾಕಿಸಿದರು. ನಾನು ಹಾಸಿಗೆಯ ತಲೆಯ ಕಡೆಗೆ ಹೋಗಿ, ಒಡತಿಯ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿ, ಅವರು ಮೂರನೆಯ ಪಟ್ಟೆ ಎಳೆದು ಮುಗಿಸುವ ತನಕ ಹಿಡಿದುಕೊಂಡೆ.